ಇಳಿತದ ಹೊತ್ತು ನೋಡಿ ಹೊರಡಿ: ಕಾಂಡ್ಲಾ ವನದ ನಡಿಗೆಗೂ ಸ್ವಯಂಸೇವೆಗೂ ಒಂದು ಕೈಪಿಡಿ

ಕಾಂಡ್ಲಾ ವನ ಎಂದರೆ ಅಳಿವೆಯ, ಅಂದರೆ ಹೊಳೆ ಕಡಲು ಸೇರುವ ಜಾಗದ, ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು. ಅಲ್ಲಿನ ನಡಿಗೆಗೆ ದಿನ ಗೊತ್ತು ಮಾಡುವವರು ಭಾನುವಾರ ಯಾವತ್ತು ಬರುತ್ತದೆ ಎಂದು ನೋಡುವ ಮೊದಲು ತಿಥಿ ಯಾವುದು ಎಂದು ನೋಡಬೇಕು. ಬಸ್ಸು ತಡವಾದರೆ ಕಾಯುತ್ತದೆ, ಊಟ ತಡವಾದರೂ ನಡೆಯುತ್ತದೆ, ಅಳಿವೆಯ ನೀರು ಮಾತ್ರ ಯಾರಿಗೂ ಕಾಯುವುದಿಲ್ಲ. ಬೆಂಗಳೂರಿನಿಂದ ನಲವತ್ತು ಜನ ರಾತ್ರಿಯಿಡೀ ಪ್ರಯಾಣ ಮಾಡಿ ಬಂದು, ಎದೆಮಟ್ಟ ನೀರಿನ ಮುಂದೆ ನಿಂತು ಫೋಟೊ ತೆಗೆದುಕೊಂಡು ವಾಪಸಾಗುವುದು ಪ್ರತಿ ವರ್ಷ ಎಲ್ಲಾದರೂ ನಡೆಯುವ ಕತೆ.

ಈ ಬರಹ ಉತ್ತರ ಕನ್ನಡದ ಅಳಿವೆಗಳನ್ನು, ಅದರಲ್ಲೂ ಕುಮಟಾದ ಅಘನಾಶಿನಿ ಮತ್ತು ಹೊನ್ನಾವರದ ಶರಾವತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿ) ಸೇರಿತು. ಹುಟ್ಟಿನಿಂದ ಕಡಲಿನವರೆಗೆ ದೊಡ್ಡ ಅಣೆಕಟ್ಟು ಇಲ್ಲದೆ ಹರಿಯುವ ನದಿ ಅದು. ಶರಾವತಿಯದು ಬೇರೆ ಲೆಕ್ಕ: ಮೇಲೆ ಲಿಂಗನಮಕ್ಕಿಯೂ ಗೇರುಸೊಪ್ಪೆಯೂ ಇರುವುದರಿಂದ ಸಿಹಿನೀರು ವರ್ಷವಿಡೀ ಬರುತ್ತದೆ, ಕೆಳಗಿನ ಗಿಡಗಳ ಜಾತಿಯೂ ಅದಕ್ಕೆ ತಕ್ಕ ಹಾಗೆ ಇರುತ್ತದೆ.

ತಿಥಿ, ಗಂಟೆ, ಮೀಟರು

ಕರಾವಳಿಯಲ್ಲಿ ಉಬ್ಬರಕ್ಕೆ ಭರತ ಎನ್ನುತ್ತಾರೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಪ್ರತಿದಿನ ಸರಿಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಕಾರವಾರ–ಕುಮಟಾ ಕಡೆ ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಭರತ ಹೆಚ್ಚುಕಡಿಮೆ ಹನ್ನೊಂದು ಗಂಟೆಯ ಆಸುಪಾಸು ಬೀಳುತ್ತದೆ, ಇಳಿತ ಬೆಳಗಿನ ಜಾವ ಐದರ ಹತ್ತಿರ. ಐದು ಗಂಟೆಗೆ ಕತ್ತಲು, ಉಪಯೋಗವಿಲ್ಲ. ಅಲ್ಲಿಂದ ಮೂರು ನಾಲ್ಕು ದಿನ ಎಣಿಸಿ. ತದಿಗೆ, ಚೌತಿಯ ಹೊತ್ತಿಗೆ ಇಳಿತ ಬೆಳಿಗ್ಗೆ ಏಳು ಎಂಟಕ್ಕೆ ಬಂದಿರುತ್ತದೆ, ಏರಿಳಿತದ ಜೋರೂ ಇನ್ನೂ ಉಳಿದಿರುತ್ತದೆ. ನಡಿಗೆಗೆ ಅದಕ್ಕಿಂತ ಒಳ್ಳೆಯ ದಿನವಿಲ್ಲ. ಅಷ್ಟಮಿಯ ಸುತ್ತ ಇಳಿತ ನಡುಹಗಲಿಗೆ ಬರುತ್ತದೆ, ನೀರು ಇಳಿಯುವುದೂ ಕಡಿಮೆ. ಬಿಸಿಲೂ ಸಿಕ್ಕಿತು, ಕೆಸರು ಬಯಲೂ ಕಾಣಲಿಲ್ಲ ಎಂಬ ಪಾಡು.

ಇದೆಲ್ಲ ಅಂದಾಜು. ದಿನ ಗೊತ್ತು ಮಾಡುವಾಗ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್‌ನ ಭರತ-ಇಳಿತದ ಮುನ್ಸೂಚನೆಯನ್ನೋ ಸರ್ವೆ ಆಫ್ ಇಂಡಿಯಾದ ಕೋಷ್ಟಕವನ್ನೋ ತೆಗೆದು ನೋಡಿ. ಅದರಲ್ಲಿ ಗಂಟೆಯೊಂದನ್ನೇ ನೋಡಿ ಬಿಡುವುದು ಸಾಮಾನ್ಯ ತಪ್ಪು. ಪಕ್ಕದ ಅಂಕಣದಲ್ಲಿ ನೀರಿನ ಮಟ್ಟ ಮೀಟರಿನ ಲೆಕ್ಕದಲ್ಲಿ ಇರುತ್ತದೆ. ನಮ್ಮ ಕರಾವಳಿಯಲ್ಲಿ ಒಂದೇ ದಿನದ ಎರಡು ಇಳಿತಗಳು ಒಂದೇ ಮಟ್ಟದವಲ್ಲ, ಒಂದು ಚೆನ್ನಾಗಿ ಇಳಿದರೆ ಇನ್ನೊಂದು ಅರ್ಧಕ್ಕೇ ನಿಲ್ಲಬಹುದು. 0.4 ಮೀಟರಿನ ಒಳಗಿದ್ದರೆ ಕೆಸರು ಬಯಲು ಧಾರಾಳವಾಗಿ ತೆರೆದುಕೊಳ್ಳುತ್ತದೆ. 0.9, 1 ಎಂದು ಇದ್ದರೆ ಆ ದಿನ ಬಿಟ್ಟುಬಿಡಿ.

ಕೋಷ್ಟಕದ ಗಂಟೆ ಕಡಲ ಬಾಯಿಯದ್ದು. ಹೊಳೆಯಲ್ಲಿ ಒಳಗೆ ಹೋದ ಹಾಗೆ ಇಳಿತ ತಡವಾಗುತ್ತದೆ, ಕೆಲವು ಕಡೆ ಅರ್ಧ ಗಂಟೆ, ಕೆಲವು ಕಡೆ ಒಂದು ಗಂಟೆಗೂ ಹೆಚ್ಚು. ನೀವು ಹೋಗುವ ಜಾಗದಲ್ಲಿ ಎಷ್ಟು ತಡ ಎಂಬುದನ್ನು ಅಲ್ಲಿ ಬಳಚು (ಕೆಸರಿನಲ್ಲಿ ಸಿಗುವ ತಿನ್ನುವ ಚಿಪ್ಪು) ಹೆಕ್ಕುವ ಹೆಂಗಸರನ್ನು ಕೇಳಿ. ಅವರ ಲೆಕ್ಕದಷ್ಟು ಕರಾರುವಾಕ್ಕಾದದ್ದು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ಇಳಿಯುವುದು ಇಳಿತಕ್ಕೆ ಒಂದೂವರೆ ಗಂಟೆ ಮೊದಲು, ದಡಕ್ಕೆ ಮುಖ ಮಾಡುವುದು ಇಳಿತ ಕಳೆದ ಒಂದು ಗಂಟೆಯೊಳಗೆ. ನೀರು ತಿರುಗಿದ ಮೊದಲ ಗಂಟೆಯಲ್ಲಿ ಏರಿದ್ದೇ ಗೊತ್ತಾಗುವುದಿಲ್ಲ, ಮೂರನೆಯ ಮತ್ತು ನಾಲ್ಕನೆಯ ಗಂಟೆಯಲ್ಲಿ ಓಡಿ ಬರುತ್ತದೆ. ಅಪಾಯ ಇರುವುದೂ ಇಲ್ಲೇ: ಮುಂದಿನ ಕೆಸರು ಒಣಗಿದಂತೆ ಕಾಣುತ್ತಿರುವಾಗ ಹಿಂದಿನ ಕಿರುಗಾಲುವೆ ತುಂಬಿಕೊಂಡು ದಾರಿ ಕಡಿದಿರುತ್ತದೆ. ಬರುವಾಗ ದಾಟಿದ ಪ್ರತಿ ಕಾಲುವೆಯ ದಡಕ್ಕೂ ಒಂದು ಕೋಲು ನೆಟ್ಟು ಬನ್ನಿ. ಕೋಲಿನ ಬುಡಕ್ಕೆ ನೀರು ಮುಟ್ಟಿದರೆ ಹೊರಡುವ ಹೊತ್ತಾಯಿತು.

ರೈಲಿನಲ್ಲಿ ಬರುವವರಿಗೆ ಒಂದು ಮಾತು. ಪಂಚಗಂಗಾ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಿಗ್ಗೆ ಕುಮಟಾ ಮುಟ್ಟುತ್ತದೆ. ಅದನ್ನು ನಂಬಿ ಅದೇ ಬೆಳಗಿನ ಇಳಿತ ಹಿಡಿಯಲು ಹೊರಡಬೇಡಿ. ಹಿಂದಿನ ದಿನವೇ ಬಂದು ತಂಗಿ.

ಯಾರನ್ನು ಕೇಳಬೇಕು

ಮರದ ಕಾಲುದಾರಿ ಇರುವ ಕಡೆ (ಹೊನ್ನಾವರದಲ್ಲಿ ಶರಾವತಿ ದಂಡೆಯ ಕಾಂಡ್ಲಾ ವನದೊಳಗೆ ಅರಣ್ಯ ಇಲಾಖೆ ಮಾಡಿದ್ದು ಇದೆ, ಕಾರವಾರದ ಕಾಳಿ ದಂಡೆಯಲ್ಲೂ ಇದೆ) ಹತ್ತಿಪ್ಪತ್ತು ಜನ ಸುಮ್ಮನೆ ನಡೆದುಬರಲು ದೊಡ್ಡ ತಯಾರಿ ಬೇಡ, ಚೀಟಿ ತೆಗೆದುಕೊಂಡು ಒಳಗೆ ಹೋದರಾಯಿತು. ಕಾಲುದಾರಿ ಬಿಟ್ಟು ಕೆಸರಿಗೆ ಇಳಿಯುವುದಾದರೆ, ಬೀಜ ಹೆಕ್ಕುವುದಾದರೆ, ಸಸಿ ನೆಡುವುದಾದರೆ ವಲಯ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಬೇಕು. ಕಾಂಡ್ಲಾ ಪ್ರದೇಶ ಕರಾವಳಿ ನಿಯಂತ್ರಣ ವಲಯದ ಅತಿ ಬಿಗಿಯಾದ ವರ್ಗಕ್ಕೆ ಸೇರಿದ್ದು. ಒಂದು ಕೊಂಬೆ ಕಡಿದರೂ ತಕರಾರೇ. ಅರ್ಜಿಯನ್ನು ಎರಡು ವಾರ ಮೊದಲೇ ಕೊಡಿ. ದಿನಾಂಕ, ಒಳಗೆ ಹೋಗುವ ಮತ್ತು ಬರುವ ಗಂಟೆ, ಜನರ ಸಂಖ್ಯೆ, ಮಾಡುವ ಕೆಲಸ, ಜವಾಬ್ದಾರರ ಹೆಸರು ಮತ್ತು ಫೋನು, ಇಷ್ಟು ಒಂದು ಪುಟದಲ್ಲಿ ಇರಲಿ. ‘ಪರಿಸರ ಜಾಗೃತಿ ಕಾರ್ಯಕ್ರಮ’ ಎಂದು ಮೋಘಮ್ಮಾಗಿ ಬರೆದ ಅರ್ಜಿ ಮೇಜಿನ ಮೇಲೇ ಕೂರುತ್ತದೆ.

ಇಲಾಖೆ ಒಪ್ಪಿದರೆ ಮುಗಿಯಲಿಲ್ಲ. ಖಾಲಿಯಾಗಿ ಕಾಣುವ ಕೆಸರು ಬಯಲು ಖಾಲಿಯಲ್ಲ. ಅಂಬಿಗರು, ಹರಿಕಂತ್ರರು, ಹಾಲಕ್ಕಿಗಳು ಅಲ್ಲಿ ಬಳಚು ಹೆಕ್ಕುತ್ತಾರೆ, ಏಡಿ ಹಿಡಿಯುತ್ತಾರೆ, ಬಲೆ ಕಟ್ಟುತ್ತಾರೆ. ಪಕ್ಕದ ಗಜನಿ ಗದ್ದೆಗೆ, ಅಂದರೆ ಭರತದ ನೀರು ತಡೆಯಲು ಕಟ್ಟೆ ಹಾಕಿದ ಅಳಿವೆಯ ಗದ್ದೆಗೆ, ಮಾಲೀಕರಿದ್ದಾರೆ. ಮಳೆಗಾಲದಲ್ಲಿ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ, ಆಮೇಲೆ ಸಿಗಡಿ ಮೀನು. ಗಜನಿಯ ಕಟ್ಟೆಯ ಮೇಲೆ ಮೂವತ್ತು ಜನ ಸಾಲಾಗಿ ನಡೆದರೆ ಮಣ್ಣು ಕುಸಿಯುತ್ತದೆ. ತೂಬಿನ ಹಲಗೆಯನ್ನು ಕುತೂಹಲಕ್ಕೆ ಎತ್ತಿ ನೋಡಿದರೆ ಒಂದೇ ಭರತದಲ್ಲಿ ಗದ್ದೆ ಕೆಡಬಹುದು. ಆದ್ದರಿಂದ ಪಂಚಾಯಿತಿಗೆ ಒಂದು ಮಾತು, ಗಜನಿಯವರಿಗೆ ಒಂದು ಮಾತು. ದಾರಿ ತೋರಿಸಲು ಊರಿನವರನ್ನೇ ಕರೆದುಕೊಳ್ಳಿ, ಅವರ ಒಂದು ದಿನದ ದುಡಿಮೆ ಎಷ್ಟೋ ಅಷ್ಟನ್ನು ಮೊದಲೇ ಮಾತಾಡಿ ಕೊಡಿ. ‘ಸ್ವಯಂಸೇವೆ’ ಎಂಬ ಮಾತು ಪೇಟೆಯಿಂದ ಬಂದವರಿಗೆ ಅನ್ವಯಿಸುತ್ತದೆ, ಊರಿನವರ ದಿನಗೂಲಿಗಲ್ಲ.

ಕಾಲಿಗೆ ಏನು, ಚೀಲಕ್ಕೆ ಏನು

ಹಳೆಯ ಕ್ಯಾನ್‌ವಾಸ್ ಶೂ, ಲೇಸು ಬಿಗಿಯಾಗಿ ಕಟ್ಟಿದ್ದು, ಒಳಗೆ ಉದ್ದ ಕಾಲುಚೀಲ. ಇಷ್ಟೇ. ಹವಾಯಿ ಚಪ್ಪಲಿ ಎರಡನೇ ಹೆಜ್ಜೆಗೆ ಕೆಸರಿನೊಳಗೆ ಉಳಿಯುತ್ತದೆ. ಗಂಬೂಟು ಸರಿಯೆಂದು ಅನಿಸುತ್ತದೆ, ಆದರೆ ಮೇಲಿನಿಂದ ಕೆಸರು ತುಂಬಿಕೊಂಡರೆ ಕಾಲು ಬರುತ್ತದೆ, ಬೂಟು ಬರುವುದಿಲ್ಲ. ಬರಿಗಾಲು ಬೇಡವೇ ಬೇಡ: ಬೇರಿಗೂ ಕಲ್ಲಿಗೂ ಅಂಟಿಕೊಂಡ ಸಿಂಪಿಯ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಕಾಲಿನಲ್ಲಿ ಮೊದಲೇ ಗಾಯ ಇರುವವರು ದಡದ ಕೆಲಸ ಮಾಡಲಿ. ಕರಾವಳಿಯಲ್ಲಿ ಇಲಿಜ್ವರ ಇದ್ದದ್ದೇ, ಗಾಯದ ಮೂಲಕ ಅದು ಒಳಗೆ ಹೋಗಬಹುದು. ಒಳಗೆ ಕೊಯ್ದುಕೊಂಡರೆ ಸಿಹಿನೀರಿನಲ್ಲಿ ಸಾಬೂನು ಹಾಕಿ ಅಲ್ಲೇ ತೊಳೆಯಬೇಕು, ‘ಮನೆಗೆ ಹೋಗಿ ನೋಡಿದರಾಯಿತು’ ಎನ್ನಬಾರದು. ಅದಕ್ಕೆಂದೇ ಐದು ಲೀಟರಿನ ಒಂದು ಕ್ಯಾನು ಬೇರೆ ಇರಲಿ.

ಕುಡಿಯಲು ತಲೆಗೆ ಎರಡು ಲೀಟರು. ಉದ್ದ ತೋಳಿನ ಅಂಗಿ, ಟೋಪಿ, ಫೋನಿಗೆ ದಪ್ಪ ಪ್ಲಾಸ್ಟಿಕ್ ಚೀಲ, ಬದಲಾಯಿಸಲು ಬಟ್ಟೆ. ಪೇಟೆಯ ಪ್ಯಾಕೆಟ್ ತಿಂಡಿಗಿಂತ ಡಬ್ಬಿಯಲ್ಲಿ ಕಲಸಿದ ಅವಲಕ್ಕಿ, ಕೋಕಂ ಪಾನಕ ಮೇಲು. ಕಸ ಹೆಕ್ಕಲು ಬಂದವರೇ ಕಸ ತರಬಾರದಲ್ಲ.

ಕೆಸರಿನಲ್ಲಿ ನಡೆಯುವುದು

ಒಬ್ಬ ಮಾರ್ಗದರ್ಶಿಗೆ ಹತ್ತರಿಂದ ಹನ್ನೆರಡು ಜನ, ಹಿಂದೆ ಕೊನೆಯಲ್ಲಿ ಒಬ್ಬ ಗಟ್ಟಿಗರು. ಗಂಟೆಗೆ ಒಂದು ಕಿಲೋಮೀಟರು ದಾಟಿದರೆ ನೀವು ಏನನ್ನೂ ನೋಡಲಿಲ್ಲ ಎಂದೇ ಅರ್ಥ. ಹೆಜ್ಜೆ ಚಿಕ್ಕದಾಗಿರಲಿ, ಒಂದೇ ಕಡೆ ನಿಲ್ಲಬೇಡಿ. ನಿಂತಷ್ಟೂ ಕಾಲು ಇಳಿಯುತ್ತದೆ. ಮೊಣಕಾಲವರೆಗೆ ಹೂತರೆ ನೇರ ಮೇಲಕ್ಕೆ ಎಳೆಯಬೇಡಿ. ಕೆಳಗೆ ಗಾಳಿ ಹೋಗಲು ದಾರಿಯಿಲ್ಲದೆ ಕೆಸರು ಹೀರಿ ಹಿಡಿಯುತ್ತದೆ. ಹಿಂದಕ್ಕೆ ವಾಲಿ ಕುಳಿತುಕೊಳ್ಳಿ, ಹಿಮ್ಮಡಿಯನ್ನು ಸುತ್ತ ಅಲ್ಲಾಡಿಸಿ ನೀರು ಒಳಗೆ ಬಿಡಿ, ಆಮೇಲೆ ನಿಧಾನ ಎಳೆಯಿರಿ. ಪಕ್ಕದವರು ಕೈ ಹಿಡಿದು ಜಗ್ಗಿದರೆ ಅವರೂ ಹೂಳುತ್ತಾರೆ. ಕೋಲು ಕೊಡಲಿ.

ನೆಲದಿಂದ ಪೆನ್ಸಿಲಿನ ಹಾಗೆ ಎದ್ದು ನಿಂತ ಸಾವಿರಾರು ಕಡ್ಡಿಗಳು ಕಂಡರೆ ಅವು ಒಣಗಿದ ಸಸಿಗಳಲ್ಲ, ಅವಿಸೀನಿಯಾ ಮರದ ಉಸಿರುಬೇರುಗಳು. ಕೆಸರಿನಲ್ಲಿ ಗಾಳಿಯಿಲ್ಲ, ಮರ ಈ ಕಡ್ಡಿಗಳಿಂದಲೇ ಉಸಿರಾಡುತ್ತದೆ. ಮುರಿದುಕೊಂಡು ನಡೆಯಬೇಡಿ. ಅದಕ್ಕಿಂತ ದಪ್ಪ, ಬುಡ ಅಗಲವಾಗಿ ಮೇಲೆ ಚೂಪಾಗಿದ್ದರೆ ಸೊನರೇಶಿಯಾ. ಮಡಚಿದ ಮೊಣಕಾಲಿನ ಹಾಗೆ ಎದ್ದು ಮತ್ತೆ ಇಳಿದಿದ್ದರೆ ಬ್ರುಗೀರಾ. ಕಾಂಡದಿಂದ ಕಮಾನಾಗಿ ಇಳಿದ ಊರುಗೋಲುಗಳಿದ್ದರೆ ರೈಜೋಫೊರಾ, ಜನ ಕಾಂಡ್ಲಾ ಎಂದು ಮೊದಲು ಬೆರಳು ತೋರಿಸುವುದು ಇದಕ್ಕೇ.

ಮಕ್ಕಳಿದ್ದರೆ ಒಂದು ಕೆಲಸ ಮಾಡಿಸಿ. ಮಳೆ ನಿಂತು ವಾರ ಕಳೆದ ಮೇಲೆ ಅವಿಸೀನಿಯಾದ ಎಲೆಯನ್ನು ಕಣ್ಣ ಹತ್ತಿರ ಹಿಡಿದರೆ ಸಣ್ಣ ಸಕ್ಕರೆ ಹರಳಿನಂತೆ ಮಿನುಗು ಕಾಣುತ್ತದೆ. ನಾಲಿಗೆ ತುದಿಯಿಂದ ಮುಟ್ಟಿದರೆ ಉಪ್ಪು. ಈ ಮರ ಉಪ್ಪನ್ನು ಎಲೆಯಿಂದ ಹೊರಹಾಕುತ್ತದೆ, ರೈಜೋಫೊರಾ ಬೇರಿನಲ್ಲೇ ಬಹುಪಾಲು ತಡೆಯುತ್ತದೆ. ಆದರೆ ನೆಕ್ಕುವ ಮೊದಲು ಮರ ಯಾವುದೆಂದು ಮಾರ್ಗದರ್ಶಿಯಿಂದ ಖಚಿತ ಮಾಡಿಕೊಳ್ಳಿ. ಅದೇ ವನದಲ್ಲಿ ಎಕ್ಸೊಕೇರಿಯಾ ಇರುತ್ತದೆ, ಉದುರುವ ಮೊದಲು ಎಲೆ ಕೆಂಪಾಗುವ ಮರ. ಎಲೆ ಚಿವುಟಿದರೆ ಬಿಳಿ ಹಾಲು ಬರುತ್ತದೆ. ಅದು ಕಣ್ಣಿಗೆ ಬಿದ್ದರೆ ತಾತ್ಕಾಲಿಕವಾಗಿ ಕುರುಡಾಗುವಷ್ಟು ಉರಿ, ಚರ್ಮಕ್ಕೆ ಬಿದ್ದರೆ ಬೊಬ್ಬೆ.

ಹಕ್ಕಿ ನೋಡುವವರಿಗೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ವಲಸೆ ಬಂದ ಉದ್ದ ಕೊಕ್ಕಿನ ಕಡಲತೀರದ ಹಕ್ಕಿಗಳು ಇಳಿತದಲ್ಲಿ ಬಯಲಿನ ತುಂಬ ಹರಡಿಕೊಂಡು ಮೇಯುತ್ತವೆ, ನೀರು ಏರಿದ ಹಾಗೆ ಒಂದೇ ಕಡೆ ಗುಂಪಾಗುತ್ತವೆ. ಹತ್ತಿರದಿಂದ ಫೋಟೊ ಬೇಕೆಂದು ಅಟ್ಟಿಕೊಂಡು ಹೋದರೆ ಅವು ಹಾರಿ ಕಳೆಯುವುದು ದೂರದ ಪ್ರಯಾಣಕ್ಕೆ ಕೂಡಿಟ್ಟ ಕೊಬ್ಬನ್ನು. ಒಂದು ಕಡೆ ಕುಳಿತರೆ ಭರತವೇ ಅವನ್ನು ನಿಮ್ಮ ಬಳಿಗೆ ತರುತ್ತದೆ.

ಸಸಿ ನೆಡುವ ದಿನ

ಸ್ವಯಂಸೇವೆ ಎಂದರೆ ಸಸಿ ನೆಡುವುದು ಎಂಬ ನಂಬಿಕೆ ಬಲವಾಗಿದೆ, ಬ್ಯಾನರಿಗೂ ಚೆಂದ. ನಿಜಕ್ಕೂ ಕಾಂಡ್ಲಾ ನೆಡಬೇಕಾದ ಜಾಗ ಜನ ಅಂದುಕೊಂಡಷ್ಟು ಇಲ್ಲ. ಹತ್ತಿರದಲ್ಲಿ ತಾಯಿಮರ ಇದ್ದು, ಭರತದ ನೀರು ಸರಾಗ ಬಂದುಹೋಗುತ್ತಿದ್ದರೆ ಬೀಜ ತಾನೇ ತೇಲಿ ಬಂದು ಹುಟ್ಟುತ್ತದೆ. ಹುಟ್ಟುತ್ತಿಲ್ಲವಾದರೆ ಏಕೆ ಎಂದು ಮೊದಲು ಕೇಳಬೇಕು: ಕಾಲುವೆ ಮುಚ್ಚಿದೆಯೇ, ದನ ಮೇಯುತ್ತಿವೆಯೇ, ಹರಿದ ಬಲೆ ಬಂದು ಕವಿಯುತ್ತಿದೆಯೇ. ಆ ಕಾರಣ ಇರುವಾಗ ನೆಟ್ಟ ಸಸಿಯೂ ಅದೇ ಕಾರಣಕ್ಕೆ ಸಾಯುತ್ತದೆ.

ಇನ್ನೊಂದು, ಸಾಲು ಸಾಲಾಗಿ ಸಸಿ ಸಾಯುವುದಕ್ಕೆ ಅತಿ ದೊಡ್ಡ ಕಾರಣ ಮಟ್ಟ. ಇಳಿತದಲ್ಲಿ ಮಾತ್ರ ಕಾಣುವ ತಗ್ಗಿನ ಕೆಸರು ಬಯಲು ವಿಶಾಲವಾಗಿ, ಯಾರದ್ದೂ ಅಲ್ಲದಂತೆ ಕಾಣುತ್ತದೆ. ಅಲ್ಲೇ ನೆಡುತ್ತಾರೆ. ಅಲ್ಲಿ ನೀರು ತುಂಬ ಹೊತ್ತು ನಿಲ್ಲುತ್ತದೆ, ಕಾಂಡಕ್ಕೆ ಸುಣ್ಣದ ಗುಬುಟುಗಳಂತೆ ಬಾರ್ನಕಲ್ ಎಂಬ ಗಟ್ಟಿ ಚಿಪ್ಪಿನ ಸಣ್ಣ ಕಡಲಜೀವಿ ಅಂಟುತ್ತದೆ, ಭಾರಕ್ಕೆ ಸಸಿ ಮಲಗುತ್ತದೆ. ಬಳಚಿನ ಬಯಲೂ ಹೋಯಿತು, ಹಕ್ಕಿಯ ಮೇವೂ ಹೋಯಿತು, ಕಾಡೂ ಆಗಲಿಲ್ಲ. ಕಾಂಡ್ಲಾ ಬೆಳೆಯುವುದು ಸಮುದ್ರದ ಸರಾಸರಿ ಮಟ್ಟದಿಂದ ದೊಡ್ಡ ಭರತದ ಮಟ್ಟದವರೆಗಿನ ಮೇಲಿನ ಪಟ್ಟಿಯಲ್ಲಿ. ಆ ಪಟ್ಟಿ ಪತ್ತೆ ಮಾಡಲು ಯಂತ್ರ ಬೇಡ. ಒಂದಾಳೆತ್ತರದ ಐದಾರು ಕೋಲುಗಳಿಗೆ ಸೀಮೆಸುಣ್ಣವನ್ನು ಗಟ್ಟಿಯಾಗಿ ತಿಕ್ಕಿ, ಕೆಲವನ್ನು ಹತ್ತಿರದ ಸಹಜ ಕಾಂಡ್ಲಾ ಮರಗಳ ನಡುವೆ, ಕೆಲವನ್ನು ನೆಡಬೇಕೆಂದಿರುವ ಜಾಗದಲ್ಲಿ ಊರಿ. ಒಂದು ಭರತ ಕಳೆದ ಮೇಲೆ ಸುಣ್ಣ ಎಲ್ಲಿಯವರೆಗೆ ತೊಳೆದಿದೆ ಎಂದು ನೆಲದಿಂದ ಅಳೆಯಿರಿ. ಎರಡು ಕಡೆಯ ಅಳತೆ ಹೆಚ್ಚುಕಡಿಮೆ ಒಂದೇ ಇದ್ದರೆ ನೆಡಿ. ನಿಮ್ಮ ಜಾಗದಲ್ಲಿ ಒಂದಡಿ ಹೆಚ್ಚು ತೊಳೆದಿದ್ದರೆ ಅದು ತಗ್ಗು, ಬಿಡಿ.

ಬೀಜದ ವಿಷಯ. ರೈಜೋಫೊರಾದ ಬೀಜ ಮರದಲ್ಲೇ ಮೊಳೆತು, ನುಗ್ಗೆಕಾಯಿಯ ಹಾಗೆ ನೇತಾಡುತ್ತದೆ. ಮ್ಯೂಕ್ರೊನೇಟಾ ಜಾತಿಯದ್ದು ಒಂದಡಿಯಿಂದ ಎರಡಡಿವರೆಗೂ ಉದ್ದ. ಮಳೆಗಾಲದಲ್ಲಿ ಹಣ್ಣಾಗುತ್ತದೆ. ಹಣ್ಣಾದದ್ದಕ್ಕೆ ಗುರುತು: ಮೇಲಿನ ಕಂದು ಟೊಪ್ಪಿಗೂ ಹಸಿರು ಕೋಲಿಗೂ ನಡುವೆ ಹಳದಿ ಉಂಗುರ ಮೂಡಿರುತ್ತದೆ, ಮೆಲ್ಲನೆ ತಿರುವಿದರೆ ಟೊಪ್ಪಿಯಿಂದ ಕಳಚುತ್ತದೆ. ಉಂಗುರ ಇಲ್ಲದ್ದನ್ನು ಕಿತ್ತರೆ ಹುಟ್ಟುವುದಿಲ್ಲ. ಬುಡದಲ್ಲಿ ಬಿದ್ದವನ್ನೇ ಹೆಕ್ಕುವುದು ಇನ್ನೂ ಒಳ್ಳೆಯದು, ತೂತು ಬಿದ್ದದ್ದು, ಏಡಿ ಕಡಿದದ್ದು, ತುದಿ ಮುರಿದದ್ದು ಬೇಡ. ಒದ್ದೆ ಗೋಣಿ ಮುಚ್ಚಿ ನೆರಳಿನಲ್ಲಿ ನಿಲ್ಲಿಸಿಟ್ಟರೆ ಒಂದು ವಾರ ತಾಳುತ್ತದೆ. ಅವಿಸೀನಿಯಾದ ಬೀಜ ಅಷ್ಟು ತಾಳುವುದಿಲ್ಲ. ಹೆಕ್ಕಿದ ದಿನವೇ ನೀರಿನಲ್ಲಿ ಹಾಕಿ, ಸಿಪ್ಪೆ ಬಿಟ್ಟ ಕೂಡಲೇ, ಎರಡು ಮೂರು ದಿನದೊಳಗೆ ಕೆಸರಿಗೆ ಹಾಕಬೇಕು.

ನೇರ ನೆಡುವ ಕ್ರಮ:

1. ಬೀಜದ ಕೋಲಿನ ಯಾವ ತುದಿ ಕೆಳಗೆ ಎಂದು ಎಲ್ಲರಿಗೂ ಕೈಯಲ್ಲಿ ಹಿಡಿಸಿ ತೋರಿಸಿ. ದಪ್ಪಗಿದ್ದು ಚೂಪಾದ ತುದಿ ಕೆಳಗೆ, ಸಣ್ಣ ಮೊಗ್ಗಿರುವ ತುದಿ ಮೇಲೆ. ತಲೆಕೆಳಗಾಗಿ ನೆಟ್ಟವು ಪ್ರತಿ ಶಿಬಿರದಲ್ಲೂ ಸಿಗುತ್ತವೆ.
2. ಹಗ್ಗಕ್ಕೆ ಒಂದೂವರೆ ಮೀಟರಿಗೊಂದು ಗಂಟು ಹಾಕಿ ಎಳೆದು ಹಿಡಿಯಿರಿ. ಗಂಟಿಗೊಂದು ಕೋಲು. ಸಾಲು ಕಾಲುವೆಗೆ ಅಡ್ಡವಾಗಬಾರದು, ಕಾಲುವೆಯ ಬಾಯಿ ಬಿಟ್ಟು ನೆಡಿ.
3. ಉದ್ದದ ಮೂರನೇ ಒಂದು ಪಾಲು ಕೆಸರಿನೊಳಗೆ. ಒತ್ತುವಾಗ ಮೊಗ್ಗನ್ನು ಹಿಡಿಯಬೇಡಿ, ನಡುವೆ ಹಿಡಿಯಿರಿ. ಗಟ್ಟಿ ನೆಲವಾದರೆ ಮೊದಲು ಬೇರೊಂದು ಕಟ್ಟಿಗೆಯಿಂದ ತೂತು ಮಾಡಿ.
4. ಸುತ್ತ ಎರಡು ಬೆರಳಿನಿಂದ ಕೆಸರು ಅಮುಕಿ. ಕಾಲಿನಿಂದ ತುಳಿಯಬೇಡಿ.

ಚೀಲದ ಸಸಿಯಾದರೆ ಪ್ಲಾಸ್ಟಿಕ್ ಸೀಳಿ ತೆಗೆದು ಮಣ್ಣುಂಡೆ ಒಡೆಯದಂತೆ ಇಳಿಸಿ. ಒಬ್ಬರಿಗೆ ಖಾಲಿ ಚೀಲ ಎಣಿಸುವುದೇ ಕೆಲಸವಾಗಲಿ. ಇನ್ನೂರು ಸಸಿ ಹೋಗಿದ್ದರೆ ಇನ್ನೂರು ಚೀಲ ಬರಬೇಕು. ನೂರಾ ಎಂಬತ್ತು ಬಂದರೆ ಇಪ್ಪತ್ತು ಸಸಿ ಚೀಲ ಸಮೇತ ಮಣ್ಣಿಗೆ ಹೋಗಿವೆ ಎಂದು ಲೆಕ್ಕ. ಮಳೆಗಾಲದ ಕೆಂಪು ನೆರೆಯಲ್ಲಿ ಕೆಸರಿಗೆ ಇಳಿಯಬೇಡಿ. ಆ ತಿಂಗಳುಗಳಲ್ಲಿ ಬೀಜ ಹೆಕ್ಕಿ ಚೀಲ ತುಂಬುವ ಕೆಲಸ ದಡದಲ್ಲಿ ನಡೆಯಲಿ, ನೆಡುವುದು ನೆರೆ ಇಳಿದ ಮೇಲೆ.

ನೆಟ್ಟ ದಿನ ಬಂದವರು ನೂರು ಜನ, ಮೂರು ತಿಂಗಳ ನಂತರ ನೋಡಲು ಬರುವವರು ಮೂವರು. ಆ ಮೂವರಿಗಾಗಿ ಒಂದು ಪುಸ್ತಕ ಇಡಿ: ಎಷ್ಟು ಬದುಕಿವೆ, ಎಲೆ ಎಷ್ಟು, ಸತ್ತದ್ದಕ್ಕೆ ಏನು ಕಾರಣ ಕಾಣುತ್ತದೆ. ಪಾಚಿ ಸುತ್ತಿದ್ದರೆ, ಬಲೆಯ ತುಂಡು ಸಿಕ್ಕಿಕೊಂಡಿದ್ದರೆ ಬಿಡಿಸಿ. ಸತ್ತ ಜಾಗದಲ್ಲಿ ಒಮ್ಮೆ ತುಂಬಬಹುದು. ಎರಡನೇ ಸಲವೂ ಸತ್ತರೆ ಜಾಗವೇ ತಪ್ಪು.

ಬಲೆ ಬಿಡಿಸುವುದು, ಕಸ ಹೆಕ್ಕುವುದು

ನಮ್ಮ ಅಭಿಪ್ರಾಯದಲ್ಲಿ ಪೇಟೆಯಿಂದ ಬಂದ ತಂಡಕ್ಕೆ ಸಸಿಗಿಂತ ಸರಿಯಾದ ಕೆಲಸ ಇದೇ. ಉಸಿರುಬೇರಿಗೆ ಸುತ್ತಿದ ನೈಲಾನ್ ಬಲೆಯನ್ನು ಎಳೆಯಬೇಡಿ, ಬೇರು ಕಿತ್ತು ಬರುತ್ತದೆ. ಮೊಂಡು ತುದಿಯ ಕತ್ತರಿಯಿಂದ ಅಂಗೈಯಗಲ ತುಂಡು ಮಾಡಿ ತೆಗೆಯಿರಿ, ಒಳಗೆ ಏಡಿ ಇದ್ದರೆ ಬಿಟ್ಟುಬಿಡಿ. ಇಬ್ಬರಿಗೊಂದು ಜೋಡಿ: ಒಬ್ಬರು ಕತ್ತರಿಸುವುದು, ಒಬ್ಬರು ಚೀಲ ಹಿಡಿಯುವುದು. ರಬ್ಬರು ಲೇಪದ ಕೈಗವಸು ಬೇಕು, ಆಸ್ಪತ್ರೆಯ ತೆಳು ಕೈಗವಸು ಹತ್ತು ನಿಮಿಷಕ್ಕೆ ಹರಿಯುತ್ತದೆ. ಸೂಜಿ, ಒಡೆದ ಬಾಟಲಿಗಳಿಗೆ ಮುಚ್ಚಳವಿರುವ ಗಟ್ಟಿ ಡಬ್ಬಿ ಬೇರೆ. ಗೋಣಿಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಕೆಸರು ಮೆತ್ತಿದ ಕಸ ಹತ್ತು ಕಿಲೋ ದಾಟಿದರೆ ಹೂಳುವ ನೆಲದಲ್ಲಿ ಹೊತ್ತು ತರಲಾಗದು. ತೇಲಿ ಬಂದ ಕಟ್ಟಿಗೆ, ಎಲೆರಾಶಿ, ಖಾಲಿ ಚಿಪ್ಪು ಕಸವಲ್ಲ.

ಹೆಕ್ಕಿದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪಂಚಾಯಿತಿಯ ಒಣಕಸ ಘಟಕದೊಂದಿಗೆ ಹಿಂದಿನ ವಾರವೇ ಮಾತಾಡಿ, ವಾಹನದ ಗಂಟೆಯನ್ನೂ ಕೇಳಿ. ದಂಡೆಯ ಮೇಲೆ ಗೋಣಿಗಳನ್ನು ಚೆಂದವಾಗಿ ಜೋಡಿಸಿಟ್ಟು ಹೋದರೆ ನಾಯಿಗಳು ಹರಿಯುತ್ತವೆ, ಮುಂದಿನ ದೊಡ್ಡ ಭರತ ಉಳಿದದ್ದನ್ನು ಹೊಳೆಗೆ ವಾಪಸು ಒಯ್ಯುತ್ತದೆ.

ಆಮೆಯ ಕಾಲ

ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಡಲ ದಂಡೆಯಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು 45ರಿಂದ 60 ದಿನ. ರಾತ್ರಿ ಕಾವಲಿಗೆ ಇಲಾಖೆಯವರ ಜೊತೆ ಮಾತ್ರ ಹೋಗಬೇಕು, ಟಾರ್ಚೂ ಫ್ಲಾಷೂ ಇಲ್ಲದೆ. ಬೆಳಕು ಕಂಡ ತಾಯಿ ಮೊಟ್ಟೆಯಿಡದೆ ತಿರುಗಬಹುದು, ಮರಿಗಳು ಕಡಲು ಬಿಟ್ಟು ರಸ್ತೆಯ ದೀಪದ ಕಡೆ ನಡೆಯುತ್ತವೆ. ಬೆಳಿಗ್ಗೆ ನಡೆಯುವಾಗ ನೀರಿನಿಂದ ಮೇಲಕ್ಕೂ ಮತ್ತೆ ನೀರಿಗೂ ಹೋದ ಅಗಲ ಗೀರು ಕಂಡರೆ ಕೆದಕಬೇಡಿ. ಮೊಟ್ಟೆ ಇಟ್ಟ ಕೆಲವು ಗಂಟೆಗಳಲ್ಲೇ ಭ್ರೂಣ ಒಳಗೋಡೆಗೆ ಅಂಟಿಕೊಳ್ಳುತ್ತದೆ, ಆಮೇಲೆ ಹೊರಳಿಸಿದರೆ ಸತ್ತೇಹೋಗುತ್ತದೆ. ನಾಯಿ ಬಾರದಂತೆ ಒಬ್ಬರು ನಿಂತು, ಫೋನಿನಲ್ಲಿ ಜಾಗ ಗುರುತಿಸಿ, ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ಅವರು ಬರುವವರೆಗೆ ಗೀರಿನ ಮೇಲೆ ಯಾರೂ ನಡೆಯದಂತೆ ನೋಡಿಕೊಳ್ಳಿ. ಆಮೆ ಗೂಡು ಮಾಡಿದೆಯೋ ಸುಮ್ಮನೆ ಬಂದು ಹೋಗಿದೆಯೋ ಎಂದು ಅವರು ಓದುವುದು ಅದೇ ಗೀರಿನಿಂದ.